ಐಡಲ್ ಸ್ಕ್ರೂ ತಿರುಗಿಸುವ ಮುನ್ನ

ಮಾನ್ಯ ಸಂಪಾದಕರೇ,

ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ ನಿಂತಲ್ಲೇ ವಿಪರೀತ ವೇಗದಲ್ಲಿ ಓಡತೊಡಗಿದರೆ ಅನೇಕರು ಮೊದಲು ಕಾರ್ಬುರೇಟರಿನ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಭಾಗ) ಐಡಲ್ ಸ್ಕ್ರೂಗೆ, ಅಂದರೆ ಕಾರು ನಿಂತಿರುವಾಗಿನ ಎಂಜಿನ್ ವೇಗವನ್ನು ಹೊಂದಿಸುವ ತಿರುಪಿಗೆ, ಕೈ ಹಾಕುತ್ತಾರೆ. ಆದರೆ ಆ ಸ್ಕ್ರೂವನ್ನು ಪೂರ್ತಿ ಸಡಿಲಿಸಿದ ಮೇಲೂ ವೇಗ ಇಳಿಯದಿದ್ದರೆ, ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಸರಿಯಾಗಿ ಮುಚ್ಚುತ್ತಿಲ್ಲವೆಂದೋ ಬೇರೆ ದಾರಿಯಿಂದ ಗಾಳಿ ಒಳನುಗ್ಗುತ್ತಿದೆಯೆಂದೋ ತಿಳಿಯಬೇಕು.

ಚೋಕ್ ಕೇಬಲ್ ಮತ್ತು ಆಕ್ಸಿಲರೇಟರ್ ಕೇಬಲ್‌ಗಳಲ್ಲಿ ತುಸು ಸಡಿಲವಿದೆಯೇ ಎಂದು ನೋಡುವುದು ಕ್ಷಣದ ಕೆಲಸ. ನಿಜವಾದ ತೊಡಕಿರುವುದು ಕಾರ್ಬುರೇಟರಿನೊಳಗೆ. ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಂತಹ, ಎಸ್‌ಯು ಕಂಪನಿಯ ಎರಡು ಕಾರ್ಬುರೇಟರುಗಳಿರುವ ಕಾರುಗಳಲ್ಲಿ ಥ್ರಾಟಲ್ ಶಾಫ್ಟ್ ವರ್ಷಗಟ್ಟಲೆ ತಿರುಗಿ ಸವೆದು, ಅದರ ಸುತ್ತಲಿನ ಸಂದಿಯಿಂದ ಗಾಳಿ ಸೋರುತ್ತದೆ. ಕೆಲವು ಮಾದರಿಗಳ ಥ್ರಾಟಲ್ ತಟ್ಟೆಯಲ್ಲೇ ಸ್ಪ್ರಿಂಗ್ ಇರುವ ಪುಟ್ಟ ವಾಲ್ವ್ ಇದ್ದು, ಸ್ಪ್ರಿಂಗ್ ದುರ್ಬಲವಾದಾಗ ಅದು ಐಡಲ್‌ನಲ್ಲೂ ತೆರೆದುಕೊಳ್ಳುತ್ತದೆ. ವಾಲ್ವ್ ಇಲ್ಲದ ಸಾದಾ ತಟ್ಟೆಯನ್ನು ಹಾಕುವುದೇ ಇದಕ್ಕೆ ಉತ್ತಮ ಪರಿಹಾರವೆಂದು ನನ್ನ ಅಭಿಪ್ರಾಯ. ಎರಡೂ ಕಾರ್ಬುರೇಟರುಗಳನ್ನು ಜೋಡಿಸುವ ಕೊಂಡಿಯನ್ನು ಸಡಿಲಿಸದೆ ಹೊಂದಿಸಿದರೆ ಒಂದು ಇನ್ನೊಂದನ್ನು ತೆರೆದೇ ಹಿಡಿದಿರುತ್ತದೆ ಎಂಬುದನ್ನೂ ಮರೆಯಬಾರದು.

ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರಿನ ಕಡೆಗೆ ಗಮನ ಹರಿಸುವವರು ಕಡಿಮೆ. ಎಂಜಿನ್ ವೇಗ ಏರಿದಂತೆ ಕಿಡಿಯನ್ನು ಬೇಗ ಹಾರಿಸುವ, ಅದರೊಳಗಿನ ತೂಕಗಳ ಸ್ಪ್ರಿಂಗ್‌ಗಳು ಸಡಿಲಗೊಂಡರೆ ಕಿಡಿ ಬೇಗನೆ ಹಾರಿ ವೇಗ ಏರುತ್ತದೆ, ಏರಿದ ವೇಗವು ಟೈಮಿಂಗನ್ನು, ಅಂದರೆ ಕಿಡಿ ಹಾರುವ ಸಮಯವನ್ನು, ಇನ್ನಷ್ಟು ಬೇಗವಾಗಿಸುತ್ತದೆ. ಆದ್ದರಿಂದ ಮಾಲೀಕರು ಗಾಳಿಯ ಸೋರಿಕೆ ಮತ್ತು ಟೈಮಿಂಗ್ ಎರಡನ್ನೂ ಸರಿಪಡಿಸಿದ ನಂತರ, ಎಂಜಿನ್ ಪೂರ್ತಿ ಬಿಸಿಯಾಗಿರುವಾಗ ಮಾತ್ರ ಐಡಲ್ ಸ್ಕ್ರೂವನ್ನು ಹೊಂದಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ