ದೂರೇ ಬಂದಿಲ್ಲವಂತೆ!

ಸಂಪಾದಕರೇ,

ನಮ್ಮ ಗ್ರಾಮ ಪಂಚಾಯಿತಿ ಉಪಚುನಾವಣೆ ಬಗ್ಗೆ ಮಂಗಳವಾರ ನೀವು ಹಾಕಿದ ಸುದ್ದಿ ಓದಿದೆ. ಮತದಾನ ಶಾಂತಿಯುತವಾಗಿ ನಡೆಯಿತಂತೆ. ಅಕ್ರಮದ ಬಗ್ಗೆ ಒಂದೂ ದೂರು ಬಂದಿಲ್ಲವಂತೆ. ಹಾಗಾದರೆ ಶನಿವಾರ ರಾತ್ರಿ ಒಂಬತ್ತರಿಂದ ಹನ್ನೆರಡೂವರೆ ತನಕ ನಾನು ಅಲೆದಿದ್ದು ಏನು, ವಾಕಿಂಗಾ?

ಕುಕ್ಕರ್ ವಿಷಯ ಊರಿಗೆಲ್ಲ ಗೊತ್ತಿದೆ. ನೀರಿನ ಟ್ಯಾಂಕ್ ಹಿಂದೆ ಗೂಡ್ಸ್ ಆಟೊ ನಿಲ್ಲಿಸಿಕೊಂಡು, ಚೀಟಿ ತಂದವರಿಗೆ ವೋಟಿಗಾಗಿ ಒಂದೊಂದು ಕುಕ್ಕರ್ ಡಬ್ಬ ಕೊಡುತ್ತಿದ್ದರು. ಕೈಯಲ್ಲಿ ಮತದಾರರ ಪಟ್ಟಿ. ಕೊಟ್ಟ ಮನೆಗೆಲ್ಲ ಟಿಕ್. ರೇಷನ್ ಅಂಗಡಿಯಲ್ಲೂ ಇಷ್ಟು ಶಿಸ್ತು ನಾನು ನೋಡಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ ಎನ್ನುತ್ತದೆ ಕಾನೂನು. ಡಬ್ಬದ ಮೇಲೆ ಯಾರ ಫೋಟೊ ಇತ್ತು ಅಂತ ನಾನು ಬರೆಯುವುದಿಲ್ಲ, ಓದುವವರಿಗೆ ಗೊತ್ತೇ ಇದೆ. ನಾನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡೆ. ಗ್ರಹಚಾರ ಶುರುವಾಗಿದ್ದೇ ಅಲ್ಲಿಂದ.

ಲೋಕಸಭೆ, ವಿಧಾನಸಭೆ ಚುನಾವಣೆ ಬಂದರೆ ಸಿ-ವಿಜಿಲ್ ಆಪ್ ಬಗ್ಗೆ ಎಲ್ಲ ಕಡೆ ಡಂಗುರ. ಸ್ಥಳದಲ್ಲೇ ವಿಡಿಯೊ ತೆಗೆದು ಕಳಿಸಿ, 100 ನಿಮಿಷದಲ್ಲಿ ಕ್ರಮ ಅಂತ. ಹೆಸರು ಹೇಳಬೇಕಾಗಿಯೂ ಇಲ್ಲ. ಆದರೆ ಅದು ಕೇಂದ್ರದ ಚುನಾವಣಾ ಆಯೋಗದ್ದು. 1950 ಸಹಾಯವಾಣಿಯೂ ಅವರದ್ದೇ. ಪಂಚಾಯಿತಿ, ಪುರಸಭೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಸಂವಿಧಾನದಲ್ಲೇ ಹಾಗೆ ಬೇರೆ ಮಾಡಿ ಇಟ್ಟಿದ್ದಾರೆ, 243ಕೆ ವಿಧಿ. ಹಾಗಾಗಿ ನಮ್ಮ ಚುನಾವಣೆಗೆ ಆ ಆಪ್ ಉಪಯೋಗಕ್ಕಿಲ್ಲ. ಸರಿ, ಇರಲಿ. ಆದರೆ ರಾತ್ರಿ ಹೊತ್ತು ಬಸ್ ಸ್ಟಾಪಿನಲ್ಲಿ ಸೊಳ್ಳೆ ಹೊಡೆದುಕೊಂಡು ಮೊಬೈಲ್ ಒತ್ತುತ್ತಾ ನಿಂತವನಿಗೆ 243ಕೆ ಹೇಗೆ ಹೊಳೆಯಬೇಕು?

ಆಮೇಲೆ ಚುನಾವಣಾ ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ. ನಂಬರ್ ನಿಮ್ಮ ಪತ್ರಿಕೆಯಲ್ಲೇ ಬಂದಿತ್ತು. ಹನ್ನೊಂದನೇ ಸಲಕ್ಕೆ ಯಾರೋ ಎತ್ತಿದರು. "ಸಾಹೇಬ್ರು ಮಸ್ಟರಿಂಗ್ ಕೆಲ್ಸದಲ್ಲಿ, ಬೂತಿಗೆ ಸಿಬ್ಬಂದಿ ಕಳ್ಸೋದ್ರಲ್ಲಿ, ಸುಸ್ತಾಗಿದ್ದಾರೆ, ಸ್ಟೇಷನ್‌ಗೆ ಹೋಗಿ" ಎಂದರು. ಸ್ಟೇಷನ್‌ನಲ್ಲಿ ಮುಕ್ಕಾಲು ಗಂಟೆ ಬೆಂಚು ಕಾಯಿಸಿದ ಮೇಲೆ ನನಗೆ ಕಾನೂನು ಪಾಠವಾಯಿತು. ಮತಕ್ಕೆ ಲಂಚ ಕೊಡುವುದು ಅಪರಾಧ ಹೌದು, ಭಾರತೀಯ ನ್ಯಾಯ ಸಂಹಿತೆಯ 173ನೇ ಕಲಂ, ಒಂದು ವರ್ಷದ ತನಕ ಜೈಲು ಅಥವಾ ದಂಡ. ಆದರೆ ಅದು ಎನ್‌ಸಿ ಕೇಸ್. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಅನುಮತಿ ಬರುವ ತನಕ ಆಟೊದವನು ಅಲ್ಲೇ ನಿಂತಿರುತ್ತಾನೆ ಅಲ್ವಾ! ಇನ್ನೊಂದು ತಮಾಷೆ ಕೇಳಿ. ಊಟ, ಕುಡಿತದ ರೂಪದಲ್ಲಿ ಲಂಚ ಕೊಟ್ಟರೆ ಬರೀ ದಂಡವಂತೆ, ಜೈಲಿಲ್ಲ. ಅಂದರೆ ಬಾಡೂಟ ಹಾಕಿಸಿದವನು ಬುದ್ಧಿವಂತ, ಕುಕ್ಕರ್ ಹಂಚಿದವನು ದಡ್ಡ.

ಕೊನೆಗೆ ತಾಲ್ಲೂಕು ಕಚೇರಿ. ಬಿಳಿ ಹಾಳೆಯಲ್ಲಿ ದೂರು ಬರೆದು ಕೊಟ್ಟೆ. ಹೆಸರು, ವಿಳಾಸ, ಫೋನ್ ನಂಬರ್ ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ ಎಂದರು, ಅದನ್ನೂ ಬರೆದೆ. ದೂರು ತಲುಪಿದ್ದಕ್ಕೆ ಹಿಂಬರಹ ಕೊಡಿ ಎಂದೆ. "ಸೀಲು ಬೀರುವಿನಲ್ಲಿದೆ, ಸೋಮವಾರ ಬನ್ನಿ." ಭಾನುವಾರ ಮತದಾನ, ಸೋಮವಾರ ಸೀಲು! ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕಿದಾಗಲೂ ಇದೇ ಕಚೇರಿ, ಇದೇ ಸೋಮವಾರ. ಆಗ ಹದಿನಾಲ್ಕು ತಿಂಗಳು ಓಡಾಡಿದ್ದೆ. ಒಮ್ಮೆ ಫೈಲೇ ಕಳೆದುಹೋಗಿತ್ತು, ಆಮೇಲೆ ಅದೇ ಟೇಬಲ್ ಮೇಲೆ ಟಿಫಿನ್ ಬಾಕ್ಸಿನ ಕೆಳಗೆ ಸಿಕ್ಕಿತು. ನಮ್ಮ ಬೀದಿ ದೀಪದ ಕಥೆ ಬರೆದರೆ ನಿಮ್ಮ ಪುಟ ಸಾಲದು, ಬಿಡಿ.

ನಾನು ಮನೆಗೆ ಬಂದು ಚಪ್ಪಲಿ ಬಿಟ್ಟಿರಲಿಲ್ಲ, ಗೇಟಿನ ಹತ್ತಿರ ಬೈಕ್ ಬಂದು ನಿಂತಿತು. ಟ್ಯಾಂಕ್ ಹಿಂದೆ ಟಿಕ್ ಹಾಕುತ್ತಿದ್ದ ಹುಡುಗನೇ. "ಅಣ್ಣಾ, ನಿಮ್ಗೆ ಕುಕ್ಕರ್ ಸಿಕ್ಲಿಲ್ವಂತೆ? ನಮ್ಗೇ ಒಂದ್ಮಾತು ಹೇಳ್ಬಾರ್ದಾ, ಅಲ್ಲೀತಂಕ ಯಾಕೆ ಹೋದ್ರಿ" ಎಂದು ಜಗಲಿ ಮೇಲೆ ಒಂದು ಡಬ್ಬ ಇಟ್ಟು ಹೋದ. ಮೂರು ಕಡೆ ಅಲೆದು ಬಂದ ನನಗೆ ಒಂದು ಹಿಂಬರಹ ಸಿಗಲಿಲ್ಲ. ನನ್ನ ಹೆಸರು ಮಾತ್ರ ನನಗಿಂತ ಮೊದಲು ಊರು ತಲುಪಿತ್ತು. ಒಳಗಿನವರು ಹೇಳದೆ ಇದು ಹೇಗೆ ಸಾಧ್ಯ? ಇದಕ್ಕೆ ಯಾರಾದರೂ ಉತ್ತರ ಕೊಡಲಿ.

ಈಗ ಆ ಕುಕ್ಕರ್ ನಮ್ಮ ಮನೆಯಲ್ಲಿದೆ. ಕಾನೂನಿನ ಪ್ರಕಾರ ಕೊಡುವವನಂತೆ ತೆಗೆದುಕೊಳ್ಳುವವನೂ ಅಪರಾಧಿ. ಮನೆಯವಳು ದಿನಕ್ಕೆ ಮೂರು ಸಲ "ಮೊದಲು ಅದನ್ನ ಆಚೆ ಹಾಕಿ" ಅನ್ನುತ್ತಾಳೆ. ಆಚೆ ಹಾಕಿದರೆ ಸಾಕ್ಷಿ ಹೋಯಿತು, ಇಟ್ಟುಕೊಂಡರೆ ನಾನೇ ಆರೋಪಿ.

ಪರಿಚಯದ ವಕೀಲರನ್ನು ಕೇಳಿದೆ. ಫಲಿತಾಂಶ ಬಂದ 30 ದಿನದೊಳಗೆ ಮತದಾರ ಕೂಡ ಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಬಹುದು ಎಂದರು. ಹಾಕಬಹುದು. ಒಂದು ಸೀಲಿಗೇ ಸೋಮವಾರ ತನಕ ಕಾಯಬೇಕಾದ ಊರಿನಲ್ಲಿ ಕೋರ್ಟಿಗೆ ಎಷ್ಟು ಸೋಮವಾರ ಬೇಕೋ. 2020ರ ಡಿಸೆಂಬರಿನಲ್ಲಿ ಪಂಚಾಯಿತಿ ಸ್ಥಾನಗಳನ್ನೇ ಕೆಲವು ಕಡೆ ಹರಾಜು ಹಾಕಿದ್ದು ಪತ್ರಿಕೆಗಳಲ್ಲೇ ಬಂದಿತ್ತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇರಲಿಲ್ಲ. ಇಲ್ಲದಿದ್ದರೆ ಹಾಗೆ, ಇದ್ದರೆ ಹೀಗೆ.

ಸಂಬಂಧಪಟ್ಟವರು ಇನ್ನು ಮುಂದಾದರೂ ದೂರು ಕೊಟ್ಟವರ ಹೆಸರು ಗುಟ್ಟಾಗಿ ಇಡಲಿ. ಇಲ್ಲದಿದ್ದರೆ "ಇಲ್ಲಿ ದೂರು ತೆಗೆದುಕೊಳ್ಳುವುದಿಲ್ಲ" ಎಂದು ದೊಡ್ಡದಾಗಿ ಬೋರ್ಡ್ ಹಾಕಿಬಿಡಲಿ, ಜನರ ಪೆಟ್ರೋಲಾದರೂ ಉಳಿಯುತ್ತದೆ. ಹಾಗೇ ಆ ಬೀದಿ ದೀಪವನ್ನೂ ನೋಡಲಿ. ನೀವೂ ಅಷ್ಟೇ, "ದೂರು ಬಂದಿಲ್ಲ" ಎಂದು ಅವರು ಹೇಳಿದ್ದನ್ನು ಸುಮ್ನೆ ಅಚ್ಚು ಹಾಕುವ ಮೊದಲು ಊರಿನಲ್ಲಿ ಒಬ್ಬರನ್ನಾದರೂ ಕೇಳಬಾರದಾ?

ಪತ್ರದ ಕೆಳಗೆ ನನ್ನ ಹೆಸರು ಮಾತ್ರ ಹಾಕಬೇಡಿ. ಮನೆಯಲ್ಲಿ ಇನ್ನೊಂದು ಕುಕ್ಕರಿಗೆ ಜಾಗವಿಲ್ಲ.

– ಒಬ್ಬ ಮತದಾರ