ನೆಗೆಟಿವ್ ಡಬ್ಬಿಗಳನ್ನು ಗುಜರಿಗೆ ಹಾಕಬೇಡಿ

ಪ್ಯಾರಿಸ್
ರವಿವಾರ ಸಂಜೆ

ತೀರ್ಥರೂಪ ಅಪ್ಪನವರಿಗೆ, ಪ್ರೀತಿಯ ಅವ್ವನಿಗೆ,

ನಿಮ್ಮ ಗಂಗಾ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಆರಾಮ ಇದ್ದೇನೆ. ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ ಇನ್ನೂ ಅರ್ಧ ಡಬ್ಬಿ ಇದೆ. ಖಡಕ್ ರೊಟ್ಟಿ ಮಾತ್ರ ಹದಿನೈದು ದಿನಕ್ಕೇ ಮುಗಿದವು.

ಮೊನ್ನೆ ಅಣ್ಣ ಫೋನಿನಲ್ಲಿ ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. ದಸರೆಯೊಳಗೆ ಸ್ಟುಡಿಯೊ ಖಾಲಿ ಮಾಡುತ್ತೇವೆ, ಅಟ್ಟದ ಮೇಲಿನ ನೆಗೆಟಿವ್ ಡಬ್ಬಿಗಳನ್ನು ಗುಜರಿಯವನಿಗೆ ಕೊಡುತ್ತೇವೆ ಅಂದ. ನಾನು ಆಗ ಬಸ್ಸಿನಲ್ಲಿದ್ದೆ. ಬೇಡ ಅಂದೆ. ಯಾಕೆ ಅಂತ ಕೇಳಿದ. ಅದನ್ನು ಬಸ್ಸಿನಲ್ಲಿ ನಿಂತುಕೊಂಡು ಹೇಳಲು ಆಗಲಿಲ್ಲ. ಅದಕ್ಕೇ ಈ ಕಾಗದ. ದಯವಿಟ್ಟು ಪೂರ್ತಿ ಓದಿ, ಆಮೇಲೆ ಏನು ಮಾಡಬೇಕು ಅಂತ ನೋಡಿ.

ನನ್ನ ರೂಮಿನಿಂದ ಹತ್ತು ನಿಮಿಷ ನಡೆದರೆ ಪೆರ್ ಲಾಶೇಸ್ ಅನ್ನುವ ದೊಡ್ಡ ಸ್ಮಶಾನ ಸಿಗುತ್ತದೆ. ಅವ್ವಾ, ಹೆದರಬೇಡ. ಇಲ್ಲಿ ಸ್ಮಶಾನ ಅಂದರೆ ಗಿಡಮರ ತುಂಬಿದ ತೋಟದ ಹಾಗೆ. ಜನ ಮಕ್ಕಳನ್ನು ಕರೆದುಕೊಂಡು ಅಡ್ಡಾಡಲು ಬರುತ್ತಾರೆ. ಅಲ್ಲಿ ಒಂದು ಸಮಾಧಿಯ ಹತ್ತಿರ ಕಲ್ಲಿನ ಹಕ್ಕಿ ಕೂತಿರುವುದನ್ನು ನೋಡಿದೆ. ಜಿಯಾಕೊಮೆಟ್ಟಿ ಅನ್ನುವ ದೊಡ್ಡ ಶಿಲ್ಪಿ ಮಾಡಿದ್ದಂತೆ. ಹೆಸರು ಓದಿದೆ: ಗೆರ್ಡಾ ಟಾರೊ. ಯಾರು ಅಂತ ಗೊತ್ತಾಗಲಿಲ್ಲ. ಮನೆಗೆ ಬಂದು ಹುಡುಕಿದರೆ, ಯುದ್ಧದ ಫೋಟೊ ತೆಗೆಯುತ್ತಿದ್ದವಳು ಅಂತ ತಿಳಿಯಿತು. ಸ್ಟುಡಿಯೊದಲ್ಲೇ ಬೆಳೆದವಳು ನಾನು, ಸುಮ್ನೆ ಬಿಡಲು ಆಗುತ್ತದೆಯೇ? ಅವತ್ತಿನಿಂದ ಆಕೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ.

ಹುಟ್ಟಿದಾಗಿನ ಹೆಸರು ಗೆರ್ಟಾ ಪೊಹೊರಿಲ್ಲೆ. 1910ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಒಂದು ಯಹೂದಿ ಮನೆಯಲ್ಲಿ ಹುಟ್ಟಿದಳು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಅವನ ವಿರುದ್ಧ ಕರಪತ್ರ ಹಂಚಿದ್ದಕ್ಕೆ ಈಕೆಯನ್ನು ಹಿಡಿದು ಒಳಗೆ ಹಾಕಿದರು. ಆಗ 22 ವರ್ಷ. ಹೊರಗೆ ಬಂದವಳು ಅದೇ ವರ್ಷ ಪ್ಯಾರಿಸ್‌ಗೆ ಬಂದಳು. ತಂದೆತಾಯಿಯನ್ನು ಮತ್ತೆ ನೋಡಲೇ ಇಲ್ಲ.

ಇಲ್ಲಿ ಟೈಪಿಂಗ್ ಮಾಡಿ ಹೊಟ್ಟೆ ಹೊರೆಯುತ್ತಿದ್ದಳು. 1934ರಲ್ಲಿ ಹಂಗೇರಿಯಿಂದ ಬಂದಿದ್ದ ಫ್ರೀಡ್ಮನ್ ಅನ್ನುವ ಹುಡುಗನ ಪರಿಚಯವಾಯಿತು. ಅವನು ಕ್ಯಾಮೆರಾ ಹಿಡಿಯುವುದನ್ನು ಕಲಿಸಿದ. ಫೋಟೊ ಮಾರುವ ಏಜೆನ್ಸಿಯಲ್ಲಿ ಕೆಲಸಕ್ಕೆ ಸೇರಿ ಈಕೆ ವ್ಯಾಪಾರ ಕಲಿತಳು. ಪರದೇಶಿ ಹುಡುಗರ ಫೋಟೊಗೆ ಒಳ್ಳೆಯ ಬೆಲೆ ಸಿಗುತ್ತಿರಲಿಲ್ಲ. ಆಗ ಇಬ್ಬರೂ ಸೇರಿ ಒಂದು ಹೆಸರು ಕಟ್ಟಿದರು, ರಾಬರ್ಟ್ ಕಾಪಾ. ಅವನು ಅಮೆರಿಕದವನು, ಶ್ರೀಮಂತ, ಪ್ರಸಿದ್ಧ ಫೋಟೊಗ್ರಾಫರ್ ಅಂತ ಹೇಳಿ ಜಾಸ್ತಿ ದುಡ್ಡಿಗೆ ಮಾರಿದರು. ಅಂಥ ಮನುಷ್ಯ ಇರಲೇ ಇಲ್ಲ. ಮುಂದೆ ಫ್ರೀಡ್ಮನ್ ಆ ಹೆಸರನ್ನೇ ತನ್ನದು ಮಾಡಿಕೊಂಡ. ಈಕೆ ಗೆರ್ಡಾ ಟಾರೊ ಅಂತ ಇಟ್ಟುಕೊಂಡಳು.

ಅಪ್ಪಾ, ಕಾಪಾ ಹೆಸರು ನೀವು ಕೇಳಿರಬೇಕು. 1944ರ ಜೂನ್ 6ರಂದು ನಾರ್ಮಂಡಿಯ ದಂಡೆಯಲ್ಲಿ ಸೈನಿಕರ ಜೊತೆ ಸಮುದ್ರಕ್ಕೆ ಇಳಿದು ಫೋಟೊ ತೆಗೆದವನು. 1954ರಲ್ಲಿ ವಿಯೆಟ್ನಾಂನಲ್ಲಿ ನೆಲಬಾಂಬ್ ತುಳಿದು ಸತ್ತ. ಅವನನ್ನು ಜಗತ್ತೇ ಬಲ್ಲದು. ಆ ಹೆಸರು ಕಟ್ಟಲು ಜೊತೆಯಾದವಳನ್ನು ಮಾತ್ರ ಬಹಳ ವರ್ಷ ಯಾರೂ ಕೇಳಲಿಲ್ಲ.

1936ರ ಜುಲೈಯಲ್ಲಿ ಸ್ಪೇನ್‌ನಲ್ಲಿ ಸೈನ್ಯದ ಅಧಿಕಾರಿಗಳು ಜನ ಆರಿಸಿದ ಸರ್ಕಾರದ ವಿರುದ್ಧ ದಂಗೆ ಎದ್ದರು. ಆಗಸ್ಟ್‌ನಲ್ಲಿ ಇವರಿಬ್ಬರೂ ಬಾರ್ಸಿಲೋನಾಕ್ಕೆ ಹೋದರು. ಅವನ ಕೈಯಲ್ಲಿ ಲೈಕಾ, ಅಂದರೆ ಉದ್ದ ಫೋಟೊ ಬರುವ ಸಣ್ಣ ಕ್ಯಾಮೆರಾ. ಈಕೆಯ ಕೈಯಲ್ಲಿ ಚೌಕ ಫೋಟೊದ ಕ್ಯಾಮೆರಾ, ರೋಲಿಫ್ಲೆಕ್ಸ್ ಅಂತ ಬಹಳ ಜನ ಬರೆದಿದ್ದಾರೆ. ನಮ್ಮ ಯಾಶಿಕಾ ಇದೆಯಲ್ಲ, ಎದೆಯ ಹತ್ತಿರ ಹಿಡಿದು ಮೇಲಿಂದ ಬಗ್ಗಿ ನೋಡುವುದು, ಥೇಟ್ ಅಂಥದ್ದೇ. ಒಂದು ರೋಲಿಗೆ 12 ಚೌಕ ಫೋಟೊ, ಅಷ್ಟೇ. ಗಾಜಿನಲ್ಲಿ ಎಡಬಲ ತಿರುವುಮುರುವಾಗಿ ಕಾಣುತ್ತದೆ. ಒಂದು ಕಡೆ ನಿಂತ ಮದುಮಕ್ಕಳನ್ನು ಹಿಡಿಯುವುದೇ ಮೊದಮೊದಲು ಕಷ್ಟ ಅಂತ ನೀವೇ ಹೇಳುತ್ತಿದ್ದಿರಿ. ಈಕೆ ಅದನ್ನು ಹಿಡಿದುಕೊಂಡು ಓಡುವ ಸೈನಿಕರ ಹಿಂದೆ ಓಡಿದವಳು.

ಬಾರ್ಸಿಲೋನಾದ ಕಡಲ ದಂಡೆಯಲ್ಲಿ ತೆಗೆದ ಒಂದು ಫೋಟೊ ಇದೆ. ಒಬ್ಬ ಹೆಣ್ಣುಮಗಳು ಒಂದು ಮೊಣಕಾಲೂರಿ ಕೂತು ಪಿಸ್ತೂಲು ಗುರಿ ಇಡುತ್ತಿದ್ದಾಳೆ. ಕಾಲಲ್ಲಿ ಎತ್ತರ ಹಿಮ್ಮಡಿಯ ಬೂಟು. ಪೇಟೆಗೆ ಹೊರಟವಳು ಹಾಗೇ ಬಂದೂಕು ಕಲಿಯಲು ಬಂದಳೇನೋ ಅನ್ನಿಸುತ್ತದೆ. ಟಾರೊ ಆಕೆಯನ್ನು ತಗ್ಗಿನಿಂದ ತೆಗೆದಿದ್ದಾಳೆ. ಹಿಂದೆ ಬರೀ ಆಕಾಶ ಕಾಣುತ್ತದೆ.

ನನ್ನನ್ನು ಬಿಡದೆ ಕಾಡುವುದು ಬೇರೆ ಫೋಟೊ. 1937ರ ಮೇ ತಿಂಗಳಲ್ಲಿ ವಲೆನ್ಸಿಯಾ ಊರಿನ ಮೇಲೆ ವಿಮಾನದಿಂದ ಬಾಂಬ್ ಹಾಕಿದರು. ಸತ್ತವರನ್ನು ಶವಾಗಾರಕ್ಕೆ ತಂದಿದ್ದರು. ಒಳಗೆ ಹೋಗಿ ಹೆಣಗಳ ಫೋಟೊ ತೆಗೆದಳು. ಅಷ್ಟಕ್ಕೆ ಬಿಡಲಿಲ್ಲ. ಗೇಟಿನ ಹತ್ತಿರ ಬಂದು, ಸರಳುಗಳಾಚೆ ಒತ್ತಿ ನಿಂತ ಜನರ ಫೋಟೊ ತೆಗೆದಳು. ತಮ್ಮವರು ಒಳಗೆ ಇದ್ದಾರೋ ಇಲ್ಲವೋ ಅಂತ ಕಾಯುತ್ತಿರುವ ಮುಖಗಳು. ಹೆಣದ ಫೋಟೊಗಿಂತ ಆ ಮುಖಗಳನ್ನು ನೋಡುವುದು ಕಷ್ಟ. ರಜೆ ಮುಗಿಸಿ ವಾಪಸ್ ಹೊರಟ ಜವಾನರು ನಮ್ಮ ಸ್ಟುಡಿಯೊಕ್ಕೆ ಹೆಂಡತಿ ಮಕ್ಕಳ ಜೊತೆ ಬರುತ್ತಿದ್ದರಲ್ಲ, ಆ ಹೆಂಡಂದಿರ ಕಣ್ಣು ನೆನಪಾಯಿತು. ಅವರಿಗೆ ನಗಿ ಅಂತ ಹೇಳಬೇಡಿ ಅಂತ ಅವ್ವ ನಿಮ್ಮ ಕಿವಿಯಲ್ಲಿ ಹೇಳುತ್ತಿದ್ದಳು.

ಟಾರೊ ಬಗ್ಗೆ ಬರೆದವರು ಆಕೆಯ ಧೈರ್ಯ, ಚೆಲುವು, ಕಾಪಾ ಜೊತೆಗಿನ ಪ್ರೀತಿ, ಇವನ್ನೇ ಜಾಸ್ತಿ ಬರೆಯುತ್ತಾರೆ. ಧೈರ್ಯ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಎಲ್ಲಿ ನಿಲ್ಲಬೇಕು, ಯಾವಾಗ ಒತ್ತಬೇಕು ಅನ್ನುವುದು ಆಕೆಗೆ ಗೊತ್ತಿತ್ತು. ಅದು ಕಸುಬು. ಅದನ್ನು ಹೇಳುವವರು ಕಡಿಮೆ. ನನಗೆ ಇದು ಸರಿ ಅನ್ನಿಸುವುದಿಲ್ಲ.

1937ರ ಜುಲೈಯಲ್ಲಿ ಮ್ಯಾಡ್ರಿಡ್ ಹತ್ತಿರದ ಬ್ರುನೇಟೆ ಅನ್ನುವ ಊರಲ್ಲಿ ದೊಡ್ಡ ಕಾಳಗ ನಡೆಯಿತು. ಕಾಪಾ ಆಗ ಜೊತೆಗೆ ಇರಲಿಲ್ಲ. ಜುಲೈ 25ರಂದು ಸರ್ಕಾರದ ಕಡೆಯ ಸೈನ್ಯ ಹಿಂದೆ ಸರಿಯುತ್ತಿತ್ತು. ಮೇಲಿಂದ ಬಾಂಬ್ ಬೀಳುತ್ತಿರುವಾಗ ತಗ್ಗಿನಲ್ಲಿ ಕೂತು ಫೋಟೊ ತೆಗೆಯುತ್ತಲೇ ಇದ್ದಳು. ಕೊನೆಗೆ ಗಾಯಾಳುಗಳನ್ನು ಸಾಗಿಸುತ್ತಿದ್ದ ಒಂದು ಕಾರು ಸಿಕ್ಕಿತು. ಒಳಗೆ ಜಾಗ ಇಲ್ಲದ್ದಕ್ಕೆ ಬಾಗಿಲ ಕೆಳಗಿನ ಪಟ್ಟಿಯ ಮೇಲೆ ನಿಂತು ಹೊರಟಳು. ದಾರಿಯಲ್ಲಿ ಅವರದೇ ಕಡೆಯ ಟ್ಯಾಂಕ್ ಒಂದು ಹಿಡಿತ ತಪ್ಪಿ ಬಂದು ಕಾರಿಗೆ ಗುದ್ದಿತು. ಈಕೆ ಅದರ ಕೆಳಗೆ ಬಿದ್ದಳು. ಮರುದಿನ ನಸುಕಿನಲ್ಲಿ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಆಗಸ್ಟ್ 1ರಂದು ಇಲ್ಲಿ ಪ್ಯಾರಿಸ್‌ನಲ್ಲಿ ಮಣ್ಣು ಮಾಡಿದರು. ಸಾವಿರಾರು ಜನ ಹಿಂದೆ ನಡೆದು ಬಂದಿದ್ದರಂತೆ. ಅವತ್ತು ಆಕೆಗೆ 27 ತುಂಬುವ ದಿನ. ಸ್ಪೇನ್‌ನಲ್ಲಿ ಕೆಲಸ ಮಾಡಿದ್ದು ಒಟ್ಟು ಒಂದು ವರ್ಷವೂ ಇಲ್ಲ.

ಅಪ್ಪಾ, ಇನ್ನು ನಾನು ಹೇಳಬೇಕಾದ ಮಾತು. ಮೊದಲು ಇಬ್ಬರ ಫೋಟೊಗಳೂ ಬರೀ ಕಾಪಾ ಹೆಸರಿನಲ್ಲಿ ಹೋಗುತ್ತಿದ್ದವು. 1937ರಲ್ಲಿ ಕಾಪಾ ಮತ್ತು ಟಾರೊ ಅಂತ ಜೋಡಿ ಹೆಸರಿನ ಸೀಲ್ ಮಾಡಿಸಿದರು. ಸಾಯುವ ಕೆಲವು ತಿಂಗಳ ಮುಂಚೆ ಆಕೆಯ ಸ್ವಂತ ಸೀಲ್ ಬಂತು, ಫೋಟೊ ಟಾರೊ ಅಂತ. ಆಕೆ ಸತ್ತ ಮೇಲೆ ಎಲ್ಲ ಕಲಸಿಹೋಯಿತು. ಚೌಕ ಇದ್ದರೆ ಈಕೆಯದು, ಉದ್ದ ಇದ್ದರೆ ಅವನದು ಅಂತ ಹೇಳೋಣ ಅಂದರೆ, ಆ ವರ್ಷ ಈಕೆಯೂ ಲೈಕಾಕ್ಕೆ ಬದಲಾಗಿದ್ದಳು. ಇದು ಆಕೆಯದು, ಕೊಡಿ ಅಂತ ಕೇಳಲು ಮನೆಯವರೂ ಉಳಿದಿರಲಿಲ್ಲ. ನಾಜಿಗಳು ಅವರನ್ನೂ ಬಿಡಲಿಲ್ಲ.

ಜರ್ಮನ್ ಸೈನ್ಯ ಪ್ಯಾರಿಸ್ ಹತ್ತಿರ ಬಂದಾಗ, ಕಾಪಾನ ಡಾರ್ಕ್ ರೂಮ್ ನೋಡಿಕೊಳ್ಳುತ್ತಿದ್ದ ಗೆಳೆಯ ಚಿಕಿ ವೈಸ್ ಸ್ಪೇನ್‌ನ ನೆಗೆಟಿವ್‌ಗಳನ್ನು ಬೆನ್ನಿನ ಚೀಲಕ್ಕೆ ತುಂಬಿ ಸೈಕಲ್ ಮೇಲೆ ಬೋರ್ಡೋ ಬಂದರಿನ ಕಡೆ ಹೊರಟ. ಅಲ್ಲಿಂದ ಅವು ಕಳೆದೇ ಹೋದವು. ಹೇಗೋ ಮೆಕ್ಸಿಕೊದ ಒಬ್ಬ ರಾಯಭಾರಿಯ ಕೈಸೇರಿ ಆ ದೇಶಕ್ಕೆ ಹೋಗಿದ್ದವು. 2007ರ ಡಿಸೆಂಬರ್‌ನಲ್ಲಿ ಮೂರು ರಟ್ಟಿನ ಡಬ್ಬಿಗಳು ನ್ಯೂಯಾರ್ಕ್‌ಗೆ, ಕಾಪಾನ ತಮ್ಮ ಕಾರ್ನೆಲ್ ಕಟ್ಟಿದ ಸಂಸ್ಥೆಗೆ ಬಂದವು. ಮೂರೇ ಡಬ್ಬಿ! ಒಳಗೆ ಸುಮಾರು 4,500 ನೆಗೆಟಿವ್. ಕಾಪಾ, ಟಾರೊ, ಅವರ ಗೆಳೆಯ ಡೇವಿಡ್ ಸೀಮೋರ್, ಮೂವರದೂ. ಎರಡು ಡಬ್ಬಿಗಳ ಒಳಗೆ ಸಣ್ಣ ಸಣ್ಣ ಖಾನೆ, ಒಂದೊಂದರಲ್ಲಿ ಒಂದು ರೋಲ್, ಎಲ್ಲಿ ತೆಗೆದದ್ದು ಅಂತ ಕೈಯಲ್ಲಿ ಬರೆದ ಗುರುತು.

ಒಂಟಿ ಪ್ರಿಂಟ್ ನೋಡಿದರೆ ಯಾರು ತೆಗೆದದ್ದು ಅಂತ ತಿಳಿಯುವುದಿಲ್ಲ. ಪೂರ್ತಿ ರೋಲ್ ಇದ್ದರೆ ತಿಳಿಯುತ್ತದೆ. ಹಿಂದಿನ ಫೋಟೊ ಯಾವುದು, ಮುಂದಿನದು ಯಾವುದು, ತೆಗೆದವರು ಎಲ್ಲಿಂದ ಎಲ್ಲಿಗೆ ನಡೆದರು, ಎಲ್ಲ ಅದರಲ್ಲಿ ಇರುತ್ತದೆ. ಇದು ನಿಮಗೆ ನಾನು ಹೇಳಿಕೊಡಬೇಕಾದ ಮಾತಲ್ಲ. ಹೀಗೆ ಅವನ ಹೆಸರಿನಲ್ಲಿದ್ದ ಎಷ್ಟೋ ಫೋಟೊಗಳು ಆಕೆಯವು ಅಂತ ಗೊತ್ತಾದವು. ಈಗ ಸ್ಟುಟ್‌ಗಾರ್ಟ್‌ನಲ್ಲಿ ಆಕೆಯ ಹೆಸರಿನ ಒಂದು ಚೌಕವೇ ಇದೆ. ನೆಗೆಟಿವ್ ಉಳಿದಿದ್ದಕ್ಕೆ ಆಕೆಯ ಕೆಲಸ ಆಕೆಗೆ ವಾಪಸ್ ಸಿಕ್ಕಿತು.

ಅಪ್ಪಾ, ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮ ಡಾರ್ಕ್ ರೂಮ್. ಕೆಂಪು ಬಲ್ಬ್, ಹೈಪೊ ವಾಸನೆ, ಹಗ್ಗಕ್ಕೆ ಚಿಮಟಿಗೆ ಹಾಕಿ ಒಣಗಲು ಬಿಟ್ಟ ಪ್ರಿಂಟ್‌ಗಳು. ನೀವು ಹೊರಗೆ ಗಿರಾಕಿ ನೋಡುತ್ತಿದ್ದರೆ ಒಳಗೆ ತೊಳೆಯುತ್ತಿದ್ದವಳು ಅವ್ವ. ಚೂಪು ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಟಚಿಂಗ್ ಮಾಡುತ್ತಿದ್ದವಳೂ ಅವಳೇ. ಕುಬಸದ ಫೋಟೊಗೆ ಗಂಡಸರ ಮುಂದೆ ಕೂಡಲು ನಾಚಿಕೊಳ್ಳುವವರು ಅವ್ವನನ್ನೇ ಕಳಿಸಿ ಅನ್ನುತ್ತಿದ್ದರು. ಯಾಶಿಕಾ ಹೆಗಲಿಗೆ ಹಾಕಿಕೊಂಡು, ಸೆರಗು ಸುತ್ತಿಕೊಂಡು, ತಿಕೋಟಾ ಬಸ್ಸು, ಬಬಲೇಶ್ವರ ಬಸ್ಸು ಹತ್ತಿ ಹೋಗುತ್ತಿದ್ದಳು. ಒಮ್ಮೊಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದಾಳೆ. ಆ ಪ್ರಿಂಟ್‌ಗಳ ಹಿಂದೆಯೂ ನಿಮ್ಮ ಹೆಸರಿನ ಸೀಲ್ ಬೀಳುತ್ತಿತ್ತು. ನಿಮ್ಮದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅಂಗಡಿ ನಿಮ್ಮ ಹೆಸರಿನಲ್ಲಿತ್ತು, ಇದ್ದದ್ದು ಒಂದೇ ಸೀಲ್. ಆಗ ನಾವು ಯಾರೂ ಅದರ ಬಗ್ಗೆ ಯೋಚನೆ ಮಾಡಲಿಲ್ಲ, ಅಲ್ವಾ? ಈಗ ಮಾಡಬಹುದು.

ಆ ಡಬ್ಬಿಗಳನ್ನು ಅಟ್ಟದಿಂದ ಇಳಿಸಿರಿ. ಪತ್ರಾಸಿನ ಕೆಳಗಿನ ಬಿಸಿಗೆ ಫಿಲ್ಮ್ ಹಾಳಾಗುತ್ತದೆ. ಹುಳಿ ವಾಸನೆ ಬರುವ ಫಿಲ್ಮ್ ಇದ್ದರೆ ಬೇರೆ ಇಡಿ, ಅದರ ಜೊತೆ ಇದ್ದವೂ ಕೆಡುತ್ತವೆ. ಉಳಿದವನ್ನು ಕಾಗದದ ಕವರ್‌ಗೆ ಹಾಕಿ ಒಳಗಿನ ಕೋಣೆಯ ಕಪಾಟಿನಲ್ಲಿ ಇಡಿ. ಆಮೇಲೆ ನೀವಿಬ್ಬರೂ ಮಧ್ಯಾಹ್ನ ಊಟ ಆದ ಮೇಲೆ ಕಿಟಕಿ ಹತ್ತಿರ ಕೂತು, ಒಂದೊಂದೇ ರೋಲ್ ಬೆಳಕಿಗೆ ಹಿಡಿದು ನೋಡಿ. ಯಾರ ಮನೆ, ಯಾವ ವರ್ಷ, ತೆಗೆದವರು ಯಾರು. ನೆನಪಿದ್ದಷ್ಟನ್ನು ಕವರ್ ಮೇಲೆ ಪೆನ್ಸಿಲ್‌ನಿಂದ ಬರೆಯಿರಿ. ಅವ್ವ ತೆಗೆದಿದ್ದರೆ ಅವ್ವನ ಹೆಸರು ಬರೆಯಿರಿ. ಅಪ್ಪಾ, ಅದನ್ನು ನಿಮ್ಮ ಕೈಯಿಂದಲೇ ಬರೆಯಿರಿ. ನನ್ನ ಆಸೆ ಇದೊಂದೇ. ಬಾಡಿಗೆಯ ಮಾತು, ಕೌಂಟರ್ ಮಾರುವ ಮಾತು ಅಣ್ಣ ಹೇಗೆ ಹೇಳುತ್ತಾನೋ ಹಾಗೆ ಆಗಲಿ.

ಅವ್ವಾ, ನಿನಗೊಂದು ಪ್ರಶ್ನೆ. ಸ್ಟುಡಿಯೊದ ಗೋಡೆ ಮೇಲೆ ಸಿದ್ಧೇಶ್ವರ ಜಾತ್ರೆಯ ಒಂದು ಫೋಟೊ ಇತ್ತು. ಜಾನುವಾರು ಜಾತ್ರೆಯಲ್ಲಿ ಒಬ್ಬ ಮುದುಕಿ ಎತ್ತಿನ ಕೊರಳಿಗೆ ಕೆನ್ನೆ ಇಟ್ಟು ನಿಂತಿದ್ದಾಳೆ, ಹಗ್ಗ ಆಗಲೇ ಬೇರೆಯವನ ಕೈಯಲ್ಲಿದೆ. ಬಂದವರೆಲ್ಲ ಅದನ್ನು ನೋಡಿ ಅಪ್ಪನನ್ನು ಹೊಗಳುತ್ತಿದ್ದರು. ನೀನು ಚಹಾ ಕೊಟ್ಟು ಸುಮ್ನೆ ಒಳಗೆ ಹೋಗುತ್ತಿದ್ದೆ. ಆ ಸಲ ಸಂಕ್ರಾಂತಿಗೆ ಅಪ್ಪನಿಗೆ ಜ್ವರ ಇತ್ತು, ಹಾಸಿಗೆ ಬಿಟ್ಟು ಎದ್ದಿರಲಿಲ್ಲ ಅಂತ ನೀನೇ ಒಮ್ಮೆ ಹೇಳಿದ ನೆನಪು. ಹಾಗಾದರೆ ಅದನ್ನು ತೆಗೆದದ್ದು ನೀನು ಅಲ್ವಾ?

ಆ ರೋಲ್ ಸಿಕ್ಕರೆ ಹನ್ನೆರಡು ಫೋಟೊಗಳನ್ನೂ ಅಣ್ಣನ ಮೊಬೈಲ್‌ನಿಂದ ಕಳಿಸು. ಮುದುಕಿಯ ಹತ್ತಿರ ಹೋಗುವ ಮುಂಚೆ ನೀನು ಏನು ನೋಡುತ್ತಿದ್ದೆ, ಆಮೇಲೆ ಎಲ್ಲಿಗೆ ಹೋದೆ ಅಂತ ನನಗೆ ನೋಡಬೇಕು.

ವೈನಿಗೂ ಮಕ್ಕಳಿಗೂ ನನ್ನ ನೆನಪು ಹೇಳಿ.

ನಿಮ್ಮ ಮಗಳು
ಗಂಗಾ