ಸಿಂಗಪುರದಲ್ಲಿ ನಾಲ್ಕು ದಿನ, ಅಕ್ಕನ ಮನೆಯಲ್ಲಿ

ಚಿ. ಪುಟ್ಟಿಗೆ ಆಶೀರ್ವಾದಗಳು.

ಆಗಸ್ಟ್ ಕೊನೆಯಲ್ಲಿ ಸಿಂಗಪುರಕ್ಕೆ ಹೋಗಿ ನಾಲ್ಕು ದಿನ ಅಕ್ಕ-ಭಾವನ ಮನೆಯಲ್ಲಿ ಇದ್ದು ಬರುತ್ತೀಯಂತೆ, ಸಂತೋಷ. "ಸುಮ್ಮನೆ ಬಂದುಬಿಡು, ಏನೂ ಯೋಚಿಸಬೇಡ" ಅಂತ ಅಕ್ಕ ಹೇಳಿದ್ದಾಳೆ. ಮನಸ್ಸಿನಿಂದಲೇ ಹೇಳಿದ್ದಾಳೆ. ಆದರೂ ಹೋಗುವ ಮೊದಲು ಆ ಮನೆಯ ದಿನಚರಿ ನಿನಗೆ ಗೊತ್ತಿರಬೇಕು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ದೊಡ್ಡ ಮಗ ಪ್ರೈಮರಿ ಸಿಕ್ಸ್, ಅಂದರೆ ಆರನೇ ತರಗತಿ. ಸೆಪ್ಟೆಂಬರ್ ಕೊನೆಗೆ ಅವನ ಪಿಎಸ್‌ಎಲ್‌ಇ, ಅಂದರೆ ಪ್ರಾಥಮಿಕ ಶಾಲೆ ಮುಗಿಸುವ ಪರೀಕ್ಷೆಯ ಬರವಣಿಗೆ ಭಾಗ ಶುರುವಾಗುತ್ತದೆ. ಯಾವ ಸೆಕೆಂಡರಿ ಶಾಲೆ ಸಿಗುತ್ತದೆ ಅನ್ನುವುದು ಆ ಅಂಕಗಳ ಮೇಲೆ ನಿಂತಿದೆ. ಅವರು ನಿನಗೆ ಒಂದು ಕೋಣೆ ಬಿಟ್ಟುಕೊಡಬಲ್ಲರು, ಊಟ ಹಾಕಬಲ್ಲರು. ಅವರ ಹತ್ತಿರ ಇಲ್ಲದಿರುವುದು ಸಮಯ ಮತ್ತು ನಿದ್ದೆ. ಅವೆರಡನ್ನು ನೀನು ತೆಗೆದುಕೊಳ್ಳಬಾರದು, ನನ್ನ ಮಾತೆಲ್ಲ ಅಷ್ಟೇ. ಉಳಿದದ್ದು ವಿವರ.

ಮೊದಲು ಕಾಗದಪತ್ರ. ಭಾರತದ ಪಾಸ್‌ಪೋರ್ಟಿಗೆ ಸಿಂಗಪುರದ ವೀಸಾ ಬೇಕು. ಬೆಂಗಳೂರಿನಲ್ಲೇ ಅಧಿಕೃತ ವೀಸಾ ಏಜೆಂಟರ ಮೂಲಕ ಅರ್ಜಿ ಹಾಕು; ಅಕ್ಕನ ಕೈಯಲ್ಲಿ ಅರ್ಜಿ ತುಂಬಿಸುತ್ತಾ ಕೂರಬೇಡ. ಸರ್ಕಾರದ ಶುಲ್ಕ 30 ಸಿಂಗಪುರ ಡಾಲರ್, ಏಜೆಂಟರ ಶುಲ್ಕ ಬೇರೆ. ಹೊರಡುವುದಕ್ಕೆ ಮೂರು ನಾಲ್ಕು ವಾರ ಇರುವಾಗ ಹಾಕಿದರೆ ಧಾವಂತ ಇರುವುದಿಲ್ಲ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಲಿ. ವೀಸಾ ಬಂದ ಮೇಲೂ ಇನ್ನೊಂದು ಕೆಲಸ ಇದೆ: ಎಸ್‌ಜಿ ಅರೈವಲ್ ಕಾರ್ಡ್. ಅದನ್ನು ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ, ಅಲ್ಲಿನ ವಲಸೆ ಇಲಾಖೆ ಐಸಿಎಯ ಜಾಲತಾಣದಲ್ಲೇ ತುಂಬಬೇಕು. ಪೂರ್ತಿ ಉಚಿತ. ದುಡ್ಡು ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ ಅಂತ ತಿಳಿ. ಅದಕ್ಕೆ ಮನೆಯ ವಿಳಾಸ ಬೇಕಾಗುತ್ತದೆ. ಬ್ಲಾಕ್ ಸಂಖ್ಯೆ, ಮಹಡಿ ಮತ್ತು ಮನೆ ಸಂಖ್ಯೆ, ಆರು ಅಂಕಿಯ ಪೋಸ್ಟಲ್ ಕೋಡ್, ಮೂರನ್ನೂ ಈಗಲೇ ಕೇಳಿ ಬರೆದಿಟ್ಟುಕೋ. ಅಲ್ಲಿ ಪೋಸ್ಟಲ್ ಕೋಡ್ ಒಂದೊಂದು ಕಟ್ಟಡಕ್ಕೂ ಬೇರೆ ಬೇರೆ, ಟ್ಯಾಕ್ಸಿಯವನಿಗೆ ಆ ಆರು ಅಂಕಿ ಹೇಳಿದರೆ ಬಾಗಿಲಿಗೆ ತಂದು ಬಿಡುತ್ತಾನೆ.

ಇನ್ನು ಸೂಟ್‌ಕೇಸು. ಇಲ್ಲೇ ಹೆಚ್ಚು ಎಚ್ಚರ ಬೇಕು, ಯಾಕೆಂದರೆ ನಿನ್ನ ಅಮ್ಮ ಡಬ್ಬಿಗಳನ್ನು ಕಟ್ಟಲು ಈಗಾಗಲೇ ಶುರು ಮಾಡಿರುತ್ತಾಳೆ. ಗಸಗಸೆ ಸಿಂಗಪುರದಲ್ಲಿ ನಿಷಿದ್ಧ ವಸ್ತು. ಅದನ್ನು ಮಾದಕ ದ್ರವ್ಯದ ಇಲಾಖೆ ನೋಡುತ್ತದೆ. ಪಾಯಸಕ್ಕೆಂದು ಒಂದು ಪೊಟ್ಟಣ ಇಟ್ಟರೆ ತಪ್ಪು ಅಂತ ಯಾರಿಗಾದರೂ ಗೊತ್ತಾಗುತ್ತದೆ, ಆದರೆ ಕಣ್ಣಿಗೆ ಬೀಳದ ಗಸಗಸೆಯೇ ತೊಂದರೆ ಕೊಡುವುದು. ಎಷ್ಟೋ ಮನೆಗಳಲ್ಲಿ ಬಿಸಿಬೇಳೆಬಾತ್ ಪುಡಿಗೆ, ವಾಂಗೀಬಾತ್ ಪುಡಿಗೆ, ಸಾಗು ಮಸಾಲೆಗೆ ಗಸಗಸೆ ಹುರಿದು ಹಾಕುತ್ತಾರೆ. ಕರ್ಜಿಕಾಯಿಯ ಹೂರಣದಲ್ಲಿ ಕೊಬ್ಬರಿಯ ಜೊತೆ ಅದು ಇದ್ದೇ ಇರುತ್ತದೆ. ಅಮ್ಮನನ್ನು ಒಂದೊಂದು ಡಬ್ಬಿಗೂ ಕೇಳು, ಅಂಗಡಿಯದಾದರೆ ಪೊಟ್ಟಣದ ಹಿಂದೆ ಓದು. ಅನುಮಾನ ಬಂದರೆ ಬಿಟ್ಟುಬಿಡು. ಚ್ಯೂಯಿಂಗ್ ಗಮ್ ತರುವುದನ್ನು 1992ರಿಂದ ನಿಷೇಧಿಸಿದ್ದಾರೆ. ಜಗಿಯುವ ಹೊಗೆಸೊಪ್ಪು, ಗುಟ್ಕಾ, ಇ-ಸಿಗರೇಟ್ ಯಾವುದೂ ಕೂಡದು. ಸೇದುವ ಸಿಗರೇಟಿಗೂ ಸುಂಕದ ವಿನಾಯಿತಿ ಇಲ್ಲ, ಒಂದು ಪ್ಯಾಕ್ ಇದ್ದರೂ ಹೇಳಿ ಸುಂಕ ಕಟ್ಟಬೇಕು. ಕೊಡೈನ್ ಇರುವ ಕೆಮ್ಮಿನ ಔಷಧಿ, ನಿದ್ದೆ ಮಾತ್ರೆ ಇಂಥವಕ್ಕೆ ಮುಂಚಿತವಾಗಿ ಅನುಮತಿ ಬೇಕು. ಯಾರಾದರೂ "ಇದೊಂದು ಪಾರ್ಸೆಲ್ ಅಲ್ಲಿ ಕೊಟ್ಟುಬಿಡು" ಅಂದರೆ ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡ. ಆ ದೇಶದಲ್ಲಿ ಮಾದಕ ದ್ರವ್ಯಕ್ಕೆ ಮರಣದಂಡನೆಯವರೆಗೂ ಶಿಕ್ಷೆ ಇದೆ. ನೆಂಟಸ್ತಿಕೆಯ ದಾಕ್ಷಿಣ್ಯ ಇಲ್ಲಿ ಸಲ್ಲದು.

ಹಾಗಾದರೆ ಏನು ಒಯ್ಯಬೇಕು? ಬೇಳೆ, ರವೆ, ಉಪ್ಪಿನಕಾಯಿ, ಅವಲಕ್ಕಿ ಎಲ್ಲ ಅಲ್ಲಿನ ಭಾರತೀಯರ ಬಡಾವಣೆ ಲಿಟಲ್ ಇಂಡಿಯಾದಲ್ಲಿ ಸಿಗುತ್ತವೆ, ಹೊತ್ತು ದಣಿಯಬೇಡ. ಅವರು ಬೆಂಗಳೂರಿನಲ್ಲಿ ಕೊಳ್ಳುತ್ತಿದ್ದ ಅಂಗಡಿಯ ಕಾಫಿಪುಡಿ, ಅವರಿಗೆ ಬೇಕಾದ ಚಿಕೋರಿ ಪ್ರಮಾಣದಲ್ಲಿ, ಅರ್ಧ ಕಿಲೋ. ಮನೆಯ ಚಟ್ನಿಪುಡಿ. ಖಡಕ್ ಜೋಳದ ರೊಟ್ಟಿ, ಗಟ್ಟಿ ಡಬ್ಬಿಯಲ್ಲಿ; ಬರೀ ಕವರಿನಲ್ಲಿ ಇಟ್ಟರೆ ಪುಡಿಯಾಗುತ್ತದೆ. ಚಿಕ್ಕವಳಿಗೆ ಕನ್ನಡದ ಚಿತ್ರಪುಸ್ತಕ ಎರಡು. ಅಲ್ಲಿ ಸುಲಭಕ್ಕೆ ಸಿಗದೆ ಇರುವುದು ಅದೇ, ಅಕ್ಕನಿಗೆ ಬೇಕಾಗಿರುವುದೂ ಅದೇ. ಕಾರ್ಡಿನ ಕೆಲಸವನ್ನೂ ಇಲ್ಲೇ ಮುಗಿಸು: ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶದ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆ್ಯಪ್‌ನಲ್ಲಿ ಬೇರೆ ಬೇರೆಯಾಗಿ ಆನ್ ಮಾಡಬೇಕು. ಅಲ್ಲಿನ ಪ್ಲಗ್ ಮೂರು ಚೌಕದ ಕಡ್ಡಿಗಳದು, ನಮ್ಮ ದುಂಡು ಕಡ್ಡಿ ಹೋಗುವುದಿಲ್ಲ. ಒಂದು ಅಡಾಪ್ಟರ್ ಇಟ್ಟುಕೋ.

ನಿನ್ನ ವಿಮಾನ ರಾತ್ರಿ ಹೊರಟು ಬೆಳಗ್ಗೆ ಆರರ ಸುಮಾರಿಗೆ ಇಳಿಯುತ್ತದೆ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಭಾವ ಏರ್‌ಪೋರ್ಟಿಗೆ ಬರುತ್ತೇನೆ ಅಂದರೂ ಒಪ್ಪಬೇಡ, ಅವರು ನಾಲ್ಕೂವರೆಗೆ ಏಳಬೇಕಾಗುತ್ತದೆ. ಅಲ್ಲಿನ ಶಾಲೆ ಏಳೂವರೆಯ ಸುಮಾರಿಗೆ ಶುರು; ಆರರಿಂದ ಏಳರವರೆಗೆ ಆ ಮನೆಯ ಎರಡು ಬಚ್ಚಲಿಗೂ ಸಾಲು ಇರುತ್ತದೆ. ಇಳಿದು ಮುಖ ತೊಳೆದು, ಏರ್‌ಪೋರ್ಟಿನಲ್ಲೇ ಕಾಫಿ ಕುಡಿದು, ಎಂಟರ ಹೊತ್ತಿಗೆ ಮನೆ ತಲುಪುವ ಹಾಗೆ ಹೊರಡು. ಟರ್ಮಿನಲ್ 2 ಮತ್ತು 3ರ ಕೆಳಗೆ ಚಾಂಗಿ ಏರ್‌ಪೋರ್ಟ್ ಎಂಆರ್‌ಟಿ (ಅಲ್ಲಿನ ಮೆಟ್ರೋ) ನಿಲ್ದಾಣ ಇದೆ. ಎಕ್ಸ್‌ಪೋ ದಾಟಿ ತಾನಾ ಮೆರಾದಲ್ಲಿ ಇಳಿ, ಪಾಸಿರ್ ರಿಸ್ ಕಡೆ ಹೋಗುವ ರೈಲು ಹತ್ತು, ಸಿಮೇ ಆದಮೇಲೆ ಅಕ್ಕನ ಮನೆ ಇರುವ ಟ್ಯಾಂಪನೀಸ್. ಗೇಟಿಗೆ ಕಾರ್ಡ್ ಮುಟ್ಟಿಸಿದರೆ ಸಾಕು, ಟಿಕೆಟ್ ಬೇಡ. ಎಲ್ಲರೂ ಎಡವುವುದು ಒಂದೇ ಕಡೆ: ಒಳಗೆ ಹೋಗುವಾಗ ಪ್ಲಾಸ್ಟಿಕ್ ಕಾರ್ಡ್, ಹೊರಗೆ ಬರುವಾಗ ಅದೇ ಕಾರ್ಡ್ ಇರುವ ಫೋನ್ ಮುಟ್ಟಿಸಿದರೆ ಯಂತ್ರ ಅವೆರಡನ್ನು ಬೇರೆ ಬೇರೆ ಅಂತಲೇ ಲೆಕ್ಕ ಹಾಕುತ್ತದೆ. ಬಸ್ಸಿನಲ್ಲೂ ಇಳಿಯುವಾಗ ಮುಟ್ಟಿಸಬೇಕು, ಮರೆತರೆ ಕೊನೆಯ ನಿಲ್ದಾಣದವರೆಗಿನ ದರ ಹೋಗುತ್ತದೆ. ರೈಲಿನೊಳಗೆ ಒಂದು ಗುಟುಕು ನೀರು ಕುಡಿಯುವುದಕ್ಕೂ ಇಲ್ಲ, 500 ಡಾಲರಿನವರೆಗೆ ದಂಡ. ಎಸ್ಕಲೇಟರಿನಲ್ಲಿ ಎಡಕ್ಕೆ ನಿಲ್ಲು.

ಅವರದು ಎಚ್‌ಡಿಬಿಯ, ಅಂದರೆ ಅಲ್ಲಿನ ಸರ್ಕಾರಿ ವಸತಿ ಮಂಡಳಿಯ, ಫೋರ್-ರೂಮ್ ಮನೆ. ಅಂದರೆ ಹಾಲ್ ಸೇರಿ ನಾಲ್ಕು. ಮಲಗುವ ಕೋಣೆ ಮೂರೇ. ನಿನಗೆ ಕೊಡುವುದು ಮಕ್ಕಳ ಕೋಣೆ ಅಂತ ಇಟ್ಟುಕೋ. ಆದ್ದರಿಂದ ಸೂಟ್‌ಕೇಸನ್ನು ನೆಲದ ಮೇಲೆ ಹರಡಿ ಬಿಡಬೇಡ, ಮಕ್ಕಳ ಪುಸ್ತಕ ಇರುವ ಮೇಜನ್ನು ಮುಟ್ಟಬೇಡ, ಸಂಜೆ ದೊಡ್ಡವನು ಓದಲು ಬಂದರೆ ಎದ್ದು ಹಾಲಿಗೆ ಹೋಗು. ರಾತ್ರಿ ಹತ್ತೂವರೆಯ ಮೇಲೆ ಫೋನಿನಲ್ಲಿ ಜೋರಾಗಿ ಮಾತು ಬೇಡ, ಗೋಡೆಯಾಚೆ ಪಕ್ಕದ ಮನೆಯವರಿಗೂ ಕೇಳುತ್ತದೆ. ಚಪ್ಪಲಿ ಬಾಗಿಲ ಹೊರಗೆ. ನಲ್ಲಿ ನೀರನ್ನು ನೇರವಾಗಿ ಕುಡಿಯಬಹುದು, ಬಾಟಲಿ ಕೊಳ್ಳಬೇಡ. ಸ್ನಾನವಾದ ಮೇಲೆ ಹೀಟರಿನ ಸ್ವಿಚ್ ಆರಿಸು. ಬಕೆಟ್ಟಿನಲ್ಲಿ ನೀರು ತುಂಬಿಸಿ ಇಡುವ ನಮ್ಮ ಅಭ್ಯಾಸವನ್ನು ಅಲ್ಲಿ ಬಿಡು. ಕೆಲಸ ಮುಗಿದ ಮೇಲೆ ನೀರು ಚೆಲ್ಲಿ ಬಕೆಟ್ ಬೋರಲು ಹಾಕು. ಡೆಂಗಿಗಾಗಿ ಮನೆ ಮನೆ ತಪಾಸಣೆ ನಡೆಯುತ್ತದೆ, ನಿಂತ ನೀರಿನಲ್ಲಿ ಸೊಳ್ಳೆಮರಿ ಕಂಡರೆ ದಂಡ ಅಕ್ಕನ ಮನೆಗೆ.

ಮನೆಯಲ್ಲಿ ಹೆಲ್ಪರ್ ಇದ್ದಾಳೆ. ಅವಳು ಅಕ್ಕನ ಮನೆಯ ಕೆಲಸಕ್ಕೆ ಇರುವವಳು, ನಿನ್ನ ಕೆಲಸಕ್ಕಲ್ಲ. ನಿನ್ನ ತಟ್ಟೆ ನೀನೇ ತೊಳೆ, ಬಟ್ಟೆ ಇಸ್ತ್ರಿ ಮಾಡಿಕೊಡು ಅಂತ ಹೇಳಬೇಡ, ಹೆಸರು ಕೇಳಿಕೊಂಡು ಹೆಸರು ಹಿಡಿದು ಮಾತಾಡಿಸು. ಕಾನೂನಿನ ಪ್ರಕಾರ ಅವಳಿಗೆ ವಾರಕ್ಕೊಂದು ರಜೆ, ಸಾಮಾನ್ಯವಾಗಿ ಭಾನುವಾರ. ಆ ದಿನದ ಪಾತ್ರೆ ನಿನ್ನದು, ಯಾರೂ ಹೇಳುವ ಮೊದಲೇ ಸಿಂಕಿನ ಹತ್ತಿರ ನಿಲ್ಲು. ಇನ್ನೊಂದು ಮಾತು: ಉಳಿದುಕೊಂಡದ್ದಕ್ಕೆ ದುಡ್ಡು ಕೊಡುವ ಪ್ರಸ್ತಾಪವನ್ನು ತಮಾಷೆಗೂ ಎತ್ತಬೇಡ. ಸಂಬಂಧಕ್ಕೆ ಶೋಭೆಯಲ್ಲ, ಅದರ ಮೇಲೆ ಎಚ್‌ಡಿಬಿ ಮನೆಯನ್ನು ಆರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವುದೇ ನಿಯಮಕ್ಕೆ ವಿರುದ್ಧ.

ತಿರುಗಾಟವನ್ನು ನೀನೇ ಯೋಜಿಸಿಕೋ. ವಾರದ ದಿನಗಳಲ್ಲಿ ಅವರು ಹೊರಟ ಮೇಲೆ ಹೊರಡು, ಊಟಕ್ಕೆ ಬರುತ್ತೀಯೋ ಇಲ್ಲವೋ ಅಂತ ಸಂಜೆ ನಾಲ್ಕರೊಳಗೆ ಅಕ್ಕನಿಗೆ ಮೆಸೇಜ್ ಹಾಕು. ಟ್ಯಾಂಪನೀಸಿನಿಂದ ನೀಲಿ ಬಣ್ಣದ ಡೌನ್‌ಟೌನ್ ಲೈನ್ ಒಂದರಲ್ಲೇ ನಿನಗೆ ಬೇಕಾದದ್ದು ಮುಕ್ಕಾಲು ಪಾಲು ಸಿಗುತ್ತದೆ. ಬೊಟಾನಿಕ್ ಗಾರ್ಡನ್ಸ್ 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ತೋಟ, ಬೆಳಗ್ಗೆ ಐದಕ್ಕೇ ತೆರೆಯುತ್ತದೆ, ಪ್ರವೇಶ ಉಚಿತ. ಒಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ಮಧ್ಯಾಹ್ನ ಬಿಸಿಲು, ಮಳೆ ಎರಡೂ ಜೋರು. ಆಗ ಮ್ಯೂಸಿಯಂ ನೋಡು. ಸಂಜೆ ಬೇಫ್ರಂಟ್‌ನಲ್ಲಿ ಇಳಿದು ಗಾರ್ಡನ್ಸ್ ಬೈ ದ ಬೇಗೆ ನಡೆದು ಹೋಗು, ಸೂಪರ್‌ಟ್ರೀ ಅನ್ನುವ ಎತ್ತರದ ಕೃತಕ ಮರಗಳ ಬೆಳಕಿನಾಟ 7.45ಕ್ಕೆ ಮತ್ತು 8.45ಕ್ಕೆ. ಮರಗಳ ಕೆಳಗೆ ಕಲ್ಲುಹಾಸಿನ ಮೇಲೆ ಅಂಗಾತ ಮಲಗಿ ನೋಡುವುದೇ ಚೆನ್ನ, ಎಲ್ಲರೂ ಹಾಗೇ ಮಾಡುತ್ತಾರೆ. ಲಿಟಲ್ ಇಂಡಿಯಾಕ್ಕೆ ಅದೇ ಲೈನು ಬೇಫ್ರಂಟ್ ಸುತ್ತಿಕೊಂಡು ಹೋಗುತ್ತದೆ. ಟ್ಯಾಂಪನೀಸಿನಿಂದ ಹೋಗುವಾಗ ಜಲಾನ್ ಬೆಸಾರ್‌ನಲ್ಲಿ ಇಳಿದು ನಡೆದರೆ ಬೇಗ. ದೇವಸ್ಥಾನಗಳು ಮಧ್ಯಾಹ್ನ ಮುಚ್ಚಿರುತ್ತವೆ, ಬೆಳಗ್ಗೆಯೋ ಸಂಜೆಯೋ ಹೋಗು. ಭಾನುವಾರ ಸಂಜೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ದೂರದ ಊರಿಂದ ಬಂದ ಕೂಲಿಕಾರರೆಲ್ಲ ತಮ್ಮವರನ್ನು ಕಾಣುವುದು ಆ ದಿನವೇ.

ಹಾಕರ್ ಸೆಂಟರಿನಲ್ಲಿ (ಒಂದೇ ಸೂರಿನಡಿ ಹಲವು ಅಗ್ಗದ ಊಟದಂಗಡಿಗಳಿರುವ ಜಾಗ) ಸಸ್ಯಾಹಾರ ಕೇಳುವಾಗ "ವೆಜಿಟೇರಿಯನ್" ಅಂದರೆ ಸಾಲದು. ಸೊಪ್ಪಿನ ಪಲ್ಯಕ್ಕೂ ಸಿಂಪಿಯಿಂದ ಮಾಡಿದ ಆಯಿಸ್ಟರ್ ಸಾಸ್ ಹಾಕುತ್ತಾರೆ, ಮೆಣಸಿನಕಾಯಿ ಚಟ್ನಿಯಲ್ಲಿ ಬೆಲಚಾನ್ ಅನ್ನುವ ಸಿಗಡಿಯ ಪೇಸ್ಟ್ ಇರುತ್ತದೆ. ಮಾಂಸ, ಮೀನು, ಸಿಗಡಿ, ಮೊಟ್ಟೆ ಬೇಡ ಅಂತ ಒಂದೊಂದಾಗಿ ಹೇಳು, ಇಲ್ಲವೇ ಪೂರ್ತಿ ಸಸ್ಯಾಹಾರದ ಚೀನೀ ಅಂಗಡಿ ಹುಡುಕು. ಬರೀ "ಕೋಪಿ" ಅಂದರೆ ಕಂಡೆನ್ಸ್‌ಡ್ ಹಾಲಿನ ಕಾಫಿ, ತುಂಬ ಸಿಹಿ. "ಕೋಪಿ ಸಿ ಸ್ಯು ದಾಯ್" ಅಂದರೆ ಎವಾಪೊರೇಟೆಡ್ ಹಾಲು, ಕಡಿಮೆ ಸಕ್ಕರೆ. ನಿನಗೆ ಅದು ಹಿಡಿಸುತ್ತದೆ. ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಇದ್ದರೆ ಆ ಜಾಗ ಯಾರದೋ ಆಗಿದೆ, ಕೂರಬೇಡ. ತಿಂದ ತಟ್ಟೆ ನೀನೇ ಒಯ್ದು ಇಡಬೇಕು, 2021ರಿಂದ ಅದು ಕಡ್ಡಾಯ.

ಶನಿವಾರದ ಒಂದು ಊಟ ನಿನ್ನ ಖರ್ಚಿನಲ್ಲಿರಲಿ. ಸೆರಂಗೂನ್ ರೋಡಿನಲ್ಲಿ 1947ರಿಂದ ಇರುವ ಕೋಮಳ ವಿಲಾಸ್ ಇದೆ, ಅದೇ ರಸ್ತೆಯಲ್ಲಿ ನಮ್ಮ ಬೆಂಗಳೂರಿನ ಎಂಟಿಆರ್ ಕೂಡ ಇದೆ. ರವೆ ಇಡ್ಲಿ ಕಂಡರೆ ಮಕ್ಕಳಿಗೆ ಖುಷಿ. ಬೇಗ ಹೋದರೆ ಕಾಯುವುದು ತಪ್ಪುತ್ತದೆ, ದೊಡ್ಡವನ ಓದಿಗೂ ಹೊತ್ತು ಉಳಿಯುತ್ತದೆ. ಸೆಂಟೋಸಾ, ಯೂನಿವರ್ಸಲ್ ಸ್ಟುಡಿಯೋ ಮಾತನ್ನು ಮಕ್ಕಳ ಎದುರು ತೆಗೆಯಬೇಡ. ಪರೀಕ್ಷೆ ಹೊತ್ತಿನಲ್ಲಿ ಅವನು ಹಟ ಹಿಡಿದರೆ ಸಮಾಧಾನ ಮಾಡಬೇಕಾದವಳು ಅಕ್ಕ.

ಹೊರಡುವ ದಿನ ಬೆಳಗ್ಗೆಯೇ ಹಾಸಿಗೆಯ ಬೆಡ್‌ಶೀಟ್, ದಿಂಬಿನ ಕವರ್, ಟವೆಲ್ ತೆಗೆದು ಎಲ್ಲಿ ಹಾಕಲಿ ಅಂತ ಕೇಳಿ ಅಲ್ಲೇ ಹಾಕು. ಒಂದೇ ಅಂಗಡಿಯಲ್ಲಿ ಕನಿಷ್ಠ 100 ಡಾಲರಿಗೆ ಕೊಂಡಿದ್ದರೆ, ಕೊಳ್ಳುವಾಗ ಪಾಸ್‌ಪೋರ್ಟ್ ತೋರಿಸಿದ್ದರೆ, ಜಿಎಸ್‌ಟಿ ವಾಪಸ್ ಕೇಳಬಹುದು. ಸಾಮಾನನ್ನು ಸೂಟ್‌ಕೇಸಿಗೆ ಹಾಕಿ ಕಳಿಸುವುದಾದರೆ ಚೆಕ್-ಇನ್‌ಗೆ ಮೊದಲೇ ಯಂತ್ರದ ಹತ್ತಿರ ಆ ಕೆಲಸ ಮುಗಿಸು, ಆಮೇಲೆ ಸಾಮಾನು ತೋರಿಸು ಅಂದರೆ ಕೈಯಲ್ಲಿ ಇರುವುದಿಲ್ಲ. ಏರ್‌ಪೋರ್ಟಿಗೆ ಸೇರಿದ ಜ್ಯೂವೆಲ್ ಮಾಲ್‌ನ 40 ಮೀಟರ್ ಜಲಪಾತವನ್ನು ಬರುವಾಗ ನೋಡುವುದಕ್ಕಿಂತ ಹೋಗುವಾಗ ನೋಡು, ಮುಂಜಾನೆ ಅದರ ನೀರು ಬಿಟ್ಟಿರುವುದಿಲ್ಲ. ಮನೆಯ ಕೀಲಿ ಕೊಟ್ಟಿದ್ದರೆ ಅಕ್ಕನ ಕೈಗೇ ಕೊಡು, ಮೇಜಿನ ಮೇಲಿಟ್ಟು ಬರಬೇಡ. ಬಚ್ಚಲಿನ ಗೂಟದಲ್ಲಿ, ಹಾಲಿನ ಪ್ಲಗ್‌ನಲ್ಲಿ ನಿನ್ನದೇನಾದರೂ ಉಳಿದಿದೆಯಾ ಅಂತ ಎರಡು ಸಲ ನೋಡು. ಒಂದು ಚಾರ್ಜರ್ ಬಿಟ್ಟು ಬಂದರೂ ಅದನ್ನು ಯಾರ ಕೈಯಲ್ಲಿ ಕಳಿಸಲಿ ಅಂತ ಅಕ್ಕ ತಿಂಗಳುಗಟ್ಟಲೆ ಯೋಚಿಸುತ್ತಾಳೆ.

ಇಂತಿ,
ನಿನ್ನ ಚಿಕ್ಕಮ್ಮ